ಮಾಗಿದ್ದು ಬಣ್ಣ, ಹಣ್ಣಲ್ಲ

ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಭದ್ರಾವತಿಯ ಅಕ್ಕನ ಮನೆಗೆ ಹೊರಟವನು ದಾರಿಯಲ್ಲಿ ಒಂದು ಪೆಟ್ಟಿಗೆ ಮಾವಿನಹಣ್ಣು ಕೊಂಡೆ. ಏಪ್ರಿಲ್ ಇನ್ನೂ ಮುಗಿದಿರಲಿಲ್ಲ. ಹಣ್ಣುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ, ಒಂದೇ ಹಳದಿ. ಊಟದ ಹೊತ್ತಿಗೆ ಹೆಚ್ಚಿ ನೋಡಿದರೆ ಸಿಪ್ಪೆ ಮಾತ್ರ ಹಣ್ಣು, ಒಳಗೆ ಕಾಯಿ. ಗೊರಟೆಯ ಸುತ್ತ ಬಿಳಿಚಿಕೊಂಡ ಹುಳಿ ತಿರುಳು. ಗ್ಯಾಸ್ ವೆಲ್ಡಿಂಗ್ ಕೆಲಸದಲ್ಲಿಯೇ ಆಯುಷ್ಯ ಕಳೆದ ಭಾವನವರು ಪೆಟ್ಟಿಗೆಯ ತಳದಲ್ಲಿದ್ದ ಕಾಗದದ ಪೊಟ್ಟಣವೊಂದನ್ನು ಎತ್ತಿ ಮೂಸಿ, ‘ಇದು ತೋಟದ ವಾಸನೆ ಅಲ್ಲಪ್ಪ, ನಮ್ಮ ಶೆಡ್ಡಿನ ವಾಸನೆ’ ಎಂದರು. ಪೊಟ್ಟಣದಲ್ಲಿ ಉಳಿದಿದ್ದುದು ಬೂದುಬಣ್ಣದ ಪುಡಿ, ಬೆಳ್ಳುಳ್ಳಿಯಂಥ ಘಾಟು. ಅಕ್ಕ ಮರುಮಾತಾಡದೆ ಪೆಟ್ಟಿಗೆಯನ್ನು ಹಿತ್ತಿಲ ಗುಂಡಿಗೆ ಸುರಿದಳು.

1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಯಂಥ ಊರಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಯಾರಿಗೂ ಹೊಸದಲ್ಲ. ನೀರು ತಗುಲಿದರೆ ಅದರಿಂದ ಅಸಿಟಲೀನ್ ಅನಿಲ ಹೊರಡುತ್ತದೆ. ಆ ಅನಿಲದ ಜ್ವಾಲೆ ಕಬ್ಬಿಣವನ್ನು ಬೆಸೆಯುತ್ತದೆ. ಕಬ್ಬಿಣ ಬೆಸೆಯುವ ವಸ್ತು ಮಾವಿನ ಪೆಟ್ಟಿಗೆಯೊಳಗೆ ಬಂದದ್ದು ಹೇಗೆ, ಕಾನೂನು ನಿಷೇಧಿಸಿದ ಮೇಲೂ ಅಲ್ಲಿಯೇ ಉಳಿದದ್ದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ‘ವ್ಯಾಪಾರಿಗಳ ದುರಾಸೆ’ ಎಂಬ ಸಿದ್ಧ ಉತ್ತರ ನನಗೆ ಸಾಲದು. ಅರ್ಥಶಾಸ್ತ್ರ ಓದಿದವನಿಗೆ ದುರಾಸೆಯ ಜತೆಗೆ ಅದಕ್ಕೆ ಬೆಲೆ ತೆರುವ ಮಾರುಕಟ್ಟೆಯೂ ಕಾಣಿಸಬೇಕು.

ಮೊದಲು ಹಣ್ಣಿನ ಸಂಗತಿ. ಕನ್ನಡದಲ್ಲಿ ಮಿಡಿ, ಎಳೆಗಾಯಿ, ಬಲಿತ ಕಾಯಿ, ದೋರೆಗಾಯಿ, ಹಣ್ಣು ಎಂದು ಒಂದೊಂದು ಹಂತಕ್ಕೂ ಒಂದೊಂದು ಹೆಸರಿದೆ. ಬಲಿಯುವುದು ಬೇರೆ, ಮಾಗುವುದು ಬೇರೆ ಎಂಬ ವಿವೇಕ ಈ ಹೆಸರುಗಳಲ್ಲಿಯೇ ಅಡಗಿದೆ. ಮಾವು, ಬಾಳೆ, ಪಪ್ಪಾಯಿ, ಸಪೋಟ, ಹಲಸು ಇವೆಲ್ಲ ಮರದಿಂದ ಇಳಿದ ಮೇಲೂ ಮಾಗಬಲ್ಲವು; ದ್ರಾಕ್ಷಿ, ಕಿತ್ತಳೆ, ಅನಾನಸ್, ದಾಳಿಂಬೆಗಳಿಗೆ ಆ ಶಕ್ತಿಯಿಲ್ಲ. ಮಾಗಬಲ್ಲ ಹಣ್ಣು ತನ್ನೊಳಗೆ ಎಥಿಲೀನ್ ಎಂಬ ಅನಿಲವನ್ನು ತಾನೇ ಉತ್ಪಾದಿಸುತ್ತದೆ. ಮಾಗುವಿಕೆಗೆ ಚಾಲನೆ ಕೊಡುವುದು ಅದೇ. ಈ ಅನಿಲ ಹೊರಗಿನಿಂದ ತಗುಲಿದರೂ ಕಾಯಿ ಹಣ್ಣಾಗುತ್ತದೆ ಎಂಬುದು 1920ರ ದಶಕದಲ್ಲಿಯೇ ತಿಳಿದಿತ್ತು. ಹಣ್ಣೇ ಅದನ್ನು ಹೊರಸೂಸುತ್ತದೆ ಎಂಬುದನ್ನು 1934ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗೇನ್ ತೋರಿಸಿದರು. ಮಲೆನಾಡಿನ ಅಟ್ಟಗಳಲ್ಲಿ ಮಾವಿನಕಾಯಿಯನ್ನು ಭತ್ತದ ಹುಲ್ಲಿನೊಳಗೆ ಮುಚ್ಚಿಟ್ಟಾಗ ಆಗುತ್ತಿದ್ದುದು ಇದೇ: ಹುಲ್ಲು ಹಣ್ಣಿನ ಉಸಿರನ್ನು ಹಣ್ಣಿನ ಬಳಿಯೇ ಹಿಡಿದಿಡುತ್ತಿತ್ತು. ಬಾಳೆಗೊನೆಗೆ ಹೊಗೆ ಹಾಕುವ ಪದ್ಧತಿಯ ಗುಟ್ಟೂ ಇದೇ. ಹೊಗೆಯಲ್ಲಿ ಎಥಿಲೀನ್ ಇರುತ್ತದೆ.

ಆದ್ದರಿಂದ ಕೃತಕವಾಗಿ ಮಾಗಿಸಿದ್ದೆಲ್ಲ ವಿಷ ಎಂಬ ಭಯಕ್ಕೆ ಆಧಾರವಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 100 ಪಿಪಿಎಂ ಪ್ರಮಾಣದವರೆಗೆ ಎಥಿಲೀನ್ ಅನಿಲದ ಬಳಕೆಗೆ 2016ರಲ್ಲಿ ಅನುಮತಿ ನೀಡಿದೆ. ತಪ್ಪಿರುವುದು ಕಾರ್ಬೈಡ್‌ನಲ್ಲಿ. ಅದರ ಅಸಿಟಲೀನ್ ಎಥಿಲೀನ್‌ನ ದುರ್ಬಲ ಅನುಕರಣೆ. ಅದರ ಜತೆಗೆ ರಂಜಕ ಮತ್ತು ಆರ್ಸೆನಿಕ್‌ನ ಅಂಶಗಳೂ ಬರುತ್ತವೆ. ತಲೆಸುತ್ತು, ವಾಂತಿ, ವಿಪರೀತ ಬಾಯಾರಿಕೆ, ನುಂಗಲು ಕಷ್ಟ, ಚರ್ಮದ ಹುಣ್ಣು ಇವು ಪ್ರಾಧಿಕಾರವೇ ಪಟ್ಟಿ ಮಾಡಿರುವ ಅಪಾಯಗಳು. ಮುಚ್ಚಿದ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ, ಬಿಚ್ಚುವ ಹಮಾಲರು ನಮಗಿಂತ ಮೊದಲು, ನಮಗಿಂತ ಹೆಚ್ಚು ಈ ಘಾಟನ್ನು ಉಸಿರಾಡುತ್ತಾರೆ ಎಂಬುದನ್ನು ಕೊಳ್ಳುವ ನಾವು ನೆನೆಯುವುದಿಲ್ಲ. 2011ರ ಆಹಾರ ಸುರಕ್ಷತಾ ನಿಯಮಾವಳಿ ಕಾರ್ಬೈಡ್‌ನಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು ನಿಷೇಧಿಸಿದೆ. ಅದಕ್ಕೂ ಹಿಂದಿನ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿಯೂ ಈ ನಿಷೇಧವಿತ್ತು.

ಆದರೆ ಕಾರ್ಬೈಡ್ ಹೋಗಿ ಎಥಿಲೀನ್ ಬಂದರೂ ಎಳೆಗಾಯಿ ಹಣ್ಣಾಗದು. ಕಾಯಿ ಬಲಿಯುವಾಗ ತನ್ನೊಳಗೆ ಪಿಷ್ಟ ಕೂಡಿಟ್ಟುಕೊಳ್ಳುತ್ತದೆ; ಮಾಗುವಾಗ ಆ ಪಿಷ್ಟವೇ ಸಕ್ಕರೆಯಾಗುತ್ತದೆ. ಉಳಿತಾಯವೇ ಇಲ್ಲದ ಖಾತೆಯಿಂದ ಹಣ ತೆಗೆಯಲು ಬರುವುದಿಲ್ಲವಲ್ಲ! ಮಾವಿನ ತಿರುಳಿಗೆ ಕಿತ್ತಳೆಗೆಂಪು ಕೊಡುವ, ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೊಟಿನ್ ಕೂಡ ಬಲಿತ ಕಾಯಿ ಕ್ರಮವಾಗಿ ಮಾಗಿದಾಗಲೇ ತುಂಬಿಕೊಳ್ಳುತ್ತದೆ. ಸಿ ಜೀವಸತ್ವದ ನಡೆ ಇದಕ್ಕೆ ವಿರುದ್ಧ. ಅದು ಮಾವಿನಕಾಯಿಯಲ್ಲಿ ಹೆಚ್ಚು, ಹಣ್ಣಾದಂತೆ ಕಡಿಮೆ. ಬಾಳೆಕಾಯಿಯ ತಿರುಳಿನಲ್ಲಿ ಸುಮಾರು ಐದನೇ ಒಂದು ಪಾಲಿರುವ ಪಿಷ್ಟ ಹಣ್ಣಾಗುವ ಹೊತ್ತಿಗೆ ಬಹುಪಾಲು ಕರಗಿ ಸಿಹಿಯಾಗುತ್ತದೆ, ಒಗರು ಇಳಿಯುತ್ತದೆ. ಹೀಗೆ ಕಾಯಿಗೂ ಹಣ್ಣಿಗೂ ಅದರದರ ಗುಣವಿದೆ. ಅವಸರದಿಂದ ಬಣ್ಣ ಕಟ್ಟಿದ ಎಳೆಗಾಯಿಗೆ ಮಾತ್ರ ಕಾಯಿಯ ಬೆಲೆಯೂ ಇಲ್ಲ, ಹಣ್ಣಿನ ಗುಣವೂ ಇಲ್ಲ.

ಹಾಗಾದರೆ ಎಳೆಗಾಯಿಯನ್ನು ಇಳಿಸುವುದೇಕೆ? ಅನೇಕ ತೋಟಗಳಲ್ಲಿ ಮರಗಳ ಫಸಲನ್ನು ಹೂವಿನ ಹಂತದಲ್ಲಿಯೇ ಗುತ್ತಿಗೆಗೆ ಕೊಡಲಾಗುತ್ತದೆ. ಗುತ್ತಿಗೆದಾರ ಹಾಕಿದ ಬಂಡವಾಳದ ಮೇಲೆ ಬಡ್ಡಿ ಬೆಳೆಯುತ್ತಿರುತ್ತದೆ; ಬಡ್ಡಿಗೆ ಋತುವಿಲ್ಲ. ಸುಗ್ಗಿಗೆ ಮೊದಲು ಪೇಟೆ ಸೇರಿದ ಹಣ್ಣಿಗೆ ಹೆಚ್ಚು ದರ. ತಡಮಾಡಿದರೆ ಮುಂಗಾರು ಬಂದು ಹಣ್ಣುನೊಣ, ಕೊಳೆರೋಗಗಳ ಕಾಟ. ಇವೆಲ್ಲವೂ ಅವನನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ: ಬೇಗ ಇಳಿಸು, ಬೇಗ ಬಣ್ಣ ಬರಿಸು, ಬೇಗ ಮಾರು. ಕೊಳ್ಳುವವನಿಗೆ ಒಳಗಿನ ಗುಣ ಕಾಣದು, ಬಣ್ಣ ಮಾತ್ರ ಕಾಣುತ್ತದೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಕೆಟ್ಟ ಸರಕು ಒಳ್ಳೆಯ ಸರಕನ್ನು ಪೇಟೆಯಿಂದ ಓಡಿಸುತ್ತದೆ ಎಂದು ಜಾರ್ಜ್ ಅಕೆರ್ಲೋಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. ಆ ವಿಚಾರಕ್ಕೆ 2001ರಲ್ಲಿ ನೊಬೆಲ್ ಮನ್ನಣೆಯೂ ಬಂತು. ಕಾಯಿ ಬಲಿಯಲು ಮೂರು ವಾರ ಕಾದ ರೈತನ ಹಣ್ಣಿಗೂ ಕಾಯದವನ ಹಣ್ಣಿಗೂ ಒಂದೇ ದರ ಸಿಕ್ಕರೆ, ಮರುವರ್ಷ ಕಾಯುವವರು ಯಾರು?

ಕಾನೂನೊಂದೇ ಇದನ್ನು ಸರಿಪಡಿಸಬಲ್ಲದೆಂಬ ಭ್ರಮೆ ಆಡಳಿತದಲ್ಲಿದ್ದ ನನಗೂ ಒಂದು ಕಾಲದಲ್ಲಿತ್ತು. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮಾದರಿ ತಲುಪಿದ 14 ದಿನಗಳೊಳಗೆ ವಿಶ್ಲೇಷಕರು ವರದಿ ಕೊಡಬೇಕು. ಕಾನೂನಿನ ಲೆಕ್ಕದಲ್ಲಿ ಅದು ತ್ವರಿತ ಕ್ರಮವೇ ಸರಿ. ಆದರೆ ಬಾಳೆಹಣ್ಣಿನ ಆಯುಷ್ಯ ಅಷ್ಟಿಲ್ಲ. ವರದಿ ಬರುವ ಹೊತ್ತಿಗೆ ಅದೇ ರಾಶಿಯ ಹಣ್ಣು ಯಾರದೋ ಮನೆಯ ಮಕ್ಕಳ ಹೊಟ್ಟೆ ಸೇರಿರುತ್ತದೆ.

ಇದಕ್ಕೆ ಪ್ರತಿಯಾದ ಮಾದರಿ ಮಲೆನಾಡಿನಲ್ಲಿಯೇ ಇದೆ. ಭೌಗೋಳಿಕ ಸೂಚಿಯ ಮನ್ನಣೆ ಪಡೆದಿರುವ ಅಪ್ಪೆಮಿಡಿಯ ವ್ಯಾಪಾರವನ್ನು ಗಮನಿಸಿ. ಅದನ್ನು ಎಣಿಕೆಯ ಲೆಕ್ಕದಲ್ಲಿ ಕೊಳ್ಳುವ ಗೃಹಿಣಿ ಬಣ್ಣಕ್ಕೆ ಮರುಳಾಗುವುದಿಲ್ಲ. ತೊಟ್ಟು ಮುರಿದು ಸೊನೆ ಮೂಸುತ್ತಾಳೆ. ತೊಟ್ಟಿಲ್ಲದ್ದನ್ನು, ಉದುರಿ ಪೆಟ್ಟಾದದ್ದನ್ನು, ಗೊರಟೆ ಗಟ್ಟಿಯಾದದ್ದನ್ನು ಪಕ್ಕಕ್ಕಿಡುತ್ತಾಳೆ. ಕೊಳ್ಳುವವಳಿಗೆ ತಿಳಿವಳಿಕೆ ಇರುವುದರಿಂದ ಕೊಯ್ಯುವವನೂ ಕೊಂಬೆಯನ್ನು ಬಡಿಯದೆ ಜೋಪಾನವಾಗಿ ಇಳಿಸುತ್ತಾನೆ. ಉಪ್ಪಿನಲ್ಲಿ ಬಿದ್ದ ಆ ಮಿಡಿ ವರ್ಷ ಕಳೆದರೂ ಪರಿಮಳ ಬಿಡುವುದಿಲ್ಲ. ಮಾರ್ಚ್‌ನಲ್ಲಿ ಇಷ್ಟು ಚೋಖವಾಗಿ ವ್ಯಾಪಾರ ಮಾಡುವ ಅದೇ ಮನೆಯವರು ಏಪ್ರಿಲ್‌ನಲ್ಲಿ ಹಳದಿ ಸಿಪ್ಪೆಗೆ ಸೋಲುವುದೇಕೆ? ನಾನೂ ಸೋತವನೇ.

ಕೊಂಡ ಮೇಲಿನ ಜವಾಬ್ದಾರಿ ನಮ್ಮದು. ಮಾವು, ಬಾಳೆಗಳು ಉಷ್ಣವಲಯದ ಹಣ್ಣುಗಳು. ಸುಮಾರು 13 ಡಿಗ್ರಿಗಿಂತ ಕೆಳಗೆ ಅವು ಚಳಿಯಿಂದ ಗಾಸಿಗೊಳ್ಳುತ್ತವೆ. ಮಾಗದ ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟರೆ ಮತ್ತೆ ಸರಿಯಾಗಿ ಮಾಗದು. ಹೆಚ್ಚಿಟ್ಟ ಹಣ್ಣಿನಲ್ಲಿ ಗಾಳಿ ತಗುಲಿ ಸಿ ಜೀವಸತ್ವ ಕುಗ್ಗುತ್ತದೆ, ಕುದಿಸಿದರೆ ಇನ್ನೂ ಬೇಗ. ಬಿಸಿಲಿಗೆ ನೇರ ಹರಡಿದ ಹಣ್ಣಿನ ತಿರುಳಿನಲ್ಲಿ ಬೆಳಕೇ ಕ್ಯಾರೊಟಿನ್ ಅನ್ನು ತಿಂದುಹಾಕುತ್ತದೆ. ನೆರಳಿರುವ ಸೌರಶೋಷಕದಲ್ಲಿ ಒಣಗಿಸಿದರೆ ನಷ್ಟ ಕಡಿಮೆ. ಸಾಗರ, ಹೊಸನಗರಗಳ ಮುರುಗಲು ಸಿಪ್ಪೆಯ ಕಡುಗೆಂಪು ವರ್ಣದ್ರವ್ಯವೂ ಕಾವು, ಬೆಳಕುಗಳಿಗೆ ಅಂಜುವಂಥದೇ. ಆದರೆ ಸಂಸ್ಕರಣೆಯೆಲ್ಲ ನಷ್ಟವಲ್ಲ. ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವ ವಸ್ತು. ಮಾವಿನ ರಸಾಯನಕ್ಕೆ ಕಾಯಿಹಾಲು ಬೆರೆಸಿದ ನಮ್ಮ ಅಜ್ಜಿಯರು ಅದು ಮೈಗೆ ಹತ್ತುವ ದಾರಿಯನ್ನೂ ಮಾಡಿಕೊಟ್ಟಿದ್ದರು. ಅದಕ್ಕೆ ಬದಲಾಗಿ ನಾವು ಮೊಮ್ಮಕ್ಕಳಿಗೆ ಕೊಡಿಸುವ ಬಾಟಲಿಯ ಪಾನೀಯದಲ್ಲಿ ಶೇ 10ರಷ್ಟು ಹಣ್ಣಿನ ರಸವಿದ್ದರೆ ನಿಯಮದ ಪ್ರಕಾರ ಸಾಕು. ಚೀಟಿಯ ಮೇಲಿನ ಮಾವಿನ ಚಿತ್ರ ಮಾತ್ರ ಶೇ 100!

ಮಾಡಬೇಕಾದುದು ದೊಡ್ಡದೇನಲ್ಲ. ಶಿವಮೊಗ್ಗದ ಕೃಷಿ ಮಾರುಕಟ್ಟೆಯಂಥ ಕಡೆ ಸಣ್ಣ ವ್ಯಾಪಾರಿಗಳೂ ಬಾಡಿಗೆ ಕೊಟ್ಟು ಬಳಸಬಹುದಾದ ಎಥಿಲೀನ್ ಕೊಠಡಿಗಳು ಸುಗ್ಗಿಯ ಪ್ರಮಾಣಕ್ಕೆ ಸಾಕಾಗುವಷ್ಟು ಇರಬೇಕು. ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನಲ್ಲಿ ಇಂಥ ಕೊಠಡಿಗಳಿಗೆ ಸಹಾಯಧನದ ಅವಕಾಶವಿದೆ. ಕಾರ್ಬೈಡ್ ಪೊಟ್ಟಣ ಬಿಡಿಸಬೇಕಾದರೆ ಅದರಷ್ಟೇ ಸುಲಭವಾದ ಬದಲಿ ಕೈಗೆ ಸಿಗಬೇಕು. ಎರಡನೆಯದು, ಹರಾಜಿನ ಕಟ್ಟೆಯಲ್ಲಿಯೇ ಬಲಿತದ್ದಕ್ಕೆ ಬೇರೆ ದರ. ಚೆನ್ನಾಗಿ ಬಲಿತ ಮಾವಿನಕಾಯಿ ನೀರಿನಲ್ಲಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಒಂದು ತೊಟ್ಟಿ ನೀರು ಸಾಕು, ದೊಡ್ಡ ಪ್ರಯೋಗಾಲಯ ಬೇಡ. ನಮ್ಮ ಜಿಲ್ಲೆಯಲ್ಲಿಯೇ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಇಂಥ ಸರಳ ಪರೀಕ್ಷೆಗಳನ್ನು ಪೇಟೆಗೆ ತರಲು ಅದಕ್ಕಿಂತ ಸಮೀಪದ ಗುರು ಬೇಕಿಲ್ಲ.

ಈ ವರ್ಷ ನಾನು ಮೇ ಕೊನೆಯವರೆಗೆ ಕಾದೆ. ಹೆಗಲು ತುಂಬಿ ಬಲಿತ ಹಸಿರು ಕಾಯಿಗಳನ್ನೇ ಆರಿಸಿ ತಂದು ಹುಲ್ಲಿನಲ್ಲಿ ಮುಚ್ಚಿಟ್ಟೆ. ಆರನೆಯ ದಿನ ಕೋಣೆಗೆಲ್ಲ ಪರಿಮಳ. ಬಣ್ಣ ಒಂದೇ ಸಮನಾಗಿರಲಿಲ್ಲ. ಕೆಲವಕ್ಕೆ ತೊಟ್ಟಿನ ಬಳಿ ಹಸಿರು ಉಳಿದೇ ಇತ್ತು. ಪೇಟೆಯಲ್ಲಿ ಯಾರೂ ಕೈಗೆತ್ತಿಕೊಳ್ಳದಂಥ ಹಣ್ಣು ಅವು. ಅವನ್ನೇ ಚೀಲದಲ್ಲಿ ತುಂಬಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಭಾವನವರು ಹೆಚ್ಚುವ ಮೊದಲು ಒಂದನ್ನು ಮೂಸಿ ನೋಡಿದರು; ಈ ಸಲ ಶೆಡ್ಡಿನ ಮಾತೆತ್ತಲಿಲ್ಲ.