ಬಯಲೇ ಬಿಡಾರ

ಎಲ್ಲಕ್ಕೂ ಬೆಲೆ ಕಟ್ಟುವ ನಾಡೆಂದು ಅಮೆರಿಕಕ್ಕೆ ಹೆಸರು. ಮೋಟಾರು ನಿಲ್ಲಿಸಲು ಗಂಟೆಗಿಷ್ಟೆಂದು ಹಣ. ಹೋಟೆಲಿನಲ್ಲಿ ಮಲಗಲು ರಾತ್ರಿಗಿಷ್ಟೆಂದು ಹಣ. ಅಂತಹ ನಾಡಿನಲ್ಲಿ ಬಿಡಿಗಾಸನ್ನೂ ತೆರದೆ, ಯಾರ ಬಾಗಿಲನ್ನೂ ತಟ್ಟದೆ, ರಸ್ತೆಯ ಸಮೀಪದಲ್ಲಿಯೇ ಡೇರೆ ಹೂಡಿ ದಿನಗಟ್ಟಲೆ ತಂಗಬಹುದೆಂದರೆ ನಂಬುವವರು ವಿರಳ. ಆದರೆ ಮಾತು ನಿಜ. ಆ ದೇಶದ ಪಶ್ಚಿಮ ಭಾಗದಲ್ಲಿ ಇಂತಹ ನೆಲ ಹೇರಳವಾಗಿದೆ. ಅಲ್ಲಿ ಕೊಳಾಯಿಯಿಲ್ಲ, ಶೌಚಗೃಹವಿಲ್ಲ, ಕಾವಲುಗಾರನಿಲ್ಲ, ಬಾಡಿಗೆಯೂ ಇಲ್ಲ. ಗೊತ್ತುಪಡಿಸಿದ ಶಿಬಿರತಾಣಗಳನ್ನು ಬಿಟ್ಟು, ಚದುರಿದಂತೆ ಅಲ್ಲೊಂದು ಇಲ್ಲೊಂದು ಬಿಡಾರ ಹೂಡುವ ಈ ಪದ್ಧತಿಯನ್ನು ಅಲ್ಲಿಯವರು ‘ಡಿಸ್ಪರ್ಸ್ಡ್ ಕ್ಯಾಂಪಿಂಗ್’ ಎಂದು ಕರೆಯುತ್ತಾರೆ.

ಯಾರಿಗೂ ಬೇಡವಾಗಿದ್ದ ನೆಲ

ಈ ನೆಲದ ಪೂರ್ವವೃತ್ತಾಂತ ಸ್ವಾರಸ್ಯವಾದುದು. ಮೂಲನಿವಾಸಿಗಳ ಕೈಯಿಂದ ಜಾರಿದ ವಿಶಾಲ ಪ್ರದೇಶಗಳನ್ನು ಅಮೆರಿಕದ ಕೇಂದ್ರ ಸರ್ಕಾರ ಹಂಚತೊಡಗಿತು. ೧೮೬೨ರ ಹೋಮ್‌ಸ್ಟೆಡ್ ಕಾಯಿದೆಯ ಮೇರೆಗೆ, ಐದು ವರ್ಷ ನೆಲೆನಿಂತು ಸಾಗುವಳಿ ಮಾಡಿದವನಿಗೆ ೧೬೦ ಎಕರೆಯವರೆಗೆ ಭೂಮಿ ದೊರೆಯುತ್ತಿತ್ತು. ಫಲವತ್ತಾದ ಬಯಲುಗಳು ಬೇಗನೆ ಒಡೆಯರನ್ನು ಕಂಡವು. ಮಳೆ ಕಾಣದ ಮರುಭೂಮಿ, ನೇಗಿಲು ಇಳಿಯದ ಬೆಟ್ಟ, ಕುರುಚಲು ಕಾಡು ಮಾತ್ರ ಬಹುಮಟ್ಟಿಗೆ ಸರ್ಕಾರದಲ್ಲಿಯೇ ಉಳಿದವು. ಕಾಡುಗಳ ರಕ್ಷಣೆಗಾಗಿ ೧೯೦೫ರಲ್ಲಿ ಅರಣ್ಯ ಸೇವಾ ಇಲಾಖೆ ಹುಟ್ಟಿತು. ದನ ಕುರಿಗಳು ಮೇದು ಬರಡಾಗುತ್ತಿದ್ದ ಹುಲ್ಲುಗಾವಲುಗಳಿಗೆ ೧೯೩೪ರಲ್ಲಿ ಟೇಲರ್ ಕಾಯಿದೆ ಕಟ್ಟಳೆ ವಿಧಿಸಿತು. ೧೯೪೬ರಲ್ಲಿ ಭೂ ನಿರ್ವಹಣಾ ಬ್ಯೂರೋ ಸ್ಥಾಪಿತವಾಯಿತು. ಉಳಿದ ಭೂಮಿಯನ್ನು ಸಾಮಾನ್ಯವಾಗಿ ಮಾರದೆ ದೇಶದ ಸ್ವತ್ತಾಗಿಯೇ ಇರಿಸಿಕೊಳ್ಳತಕ್ಕದ್ದೆಂದು ೧೯೭೬ರ ಕಾಯಿದೆ ಸಾರಿತು.

ಇಂದು ಬ್ಯೂರೋದ ವಶದಲ್ಲಿ ಸುಮಾರು ೨೪.೫ ಕೋಟಿ ಎಕರೆ, ಅರಣ್ಯ ಸೇವೆಯ ವಶದಲ್ಲಿ ಸುಮಾರು ೧೯.೩ ಕೋಟಿ ಎಕರೆ ಭೂಮಿಯಿದೆ. ಎರಡನ್ನೂ ಕೂಡಿಸಿದರೆ ಒಂಬತ್ತು ಕರ್ನಾಟಕಗಳು ಅದರೊಳಗೆ ಅಡಗಿಯಾವು! ಕನ್ನಡ ನಾಡಿನ ಹಳ್ಳಿಗೆ ಗೋಮಾಳವಿದ್ದಂತೆ, ಇದು ಒಂದು ದೇಶದ ಗೋಮಾಳ.

ಜಾಗ ಹುಡುಕುವ ಬಗೆ

ಈ ವಿಸ್ತಾರದಲ್ಲಿ ತಂಗಬಹುದಾದ ಸ್ಥಳವನ್ನು ಕಂಡುಹಿಡಿಯುವುದು ಹೇಗೆ? ಮೊದಲ ಸಾಧನ ನಕ್ಷೆ. ಬ್ಯೂರೋದ ನಕ್ಷೆಗಳಲ್ಲಿ ಅದರ ಭೂಮಿಗೆ ಹಳದಿ ಬಣ್ಣ, ರಾಷ್ಟ್ರೀಯ ಅರಣ್ಯಕ್ಕೆ ಹಸುರು, ರಾಜ್ಯ ಸರ್ಕಾರದ್ದಕ್ಕೆ ನೀಲಿ, ಖಾಸಗಿಯವರದಕ್ಕೆ ಬಿಳಿ. ಹಳದಿ ಹಸುರುಗಳಲ್ಲಿ ಬಿಡಾರ ಹೂಡಬಹುದು, ಬಿಳಿಯಲ್ಲಿ ಕೂಡದು. ಹಿಂದೆ ರೈಲ್ವೆ ಕಂಪನಿಗಳಿಗೆ ಒಂದು ಚೌಕ ಬಿಟ್ಟು ಒಂದರಂತೆ ಭೂಮಿ ಕೊಟ್ಟುದರಿಂದ, ಕೆಲವೆಡೆ ಈ ಬಣ್ಣಗಳು ಚದುರಂಗದ ಮಣೆಯಂತೆ ಹೆಣೆದುಕೊಂಡಿವೆ. ಅಲ್ಲಿ ಹತ್ತು ಮಾರು ತಪ್ಪಿದರೂ ಅನ್ಯರ ಹೊಲಕ್ಕೆ ಕಾಲಿಟ್ಟಂತೆಯೇ. ನೀಲಿ ಬಣ್ಣದಲ್ಲಿಯೂ ಎಚ್ಚರ ಬೇಕು. ಅರಿಜೋನಾದಲ್ಲಿ ರಾಜ್ಯದ ಟ್ರಸ್ಟ್ ಭೂಮಿಯಲ್ಲಿ ತಂಗಲು ಹಣ ತೆತ್ತು ಪರವಾನಗಿ ಪಡೆಯಬೇಕು.

ಅರಣ್ಯ ಸೇವೆ ಉಚಿತವಾಗಿ ಕೊಡುವ ಮತ್ತೊಂದು ನಕ್ಷೆ ಮೋಟಾರು ಸಂಚರಿಸಬಹುದಾದ ದಾರಿಗಳನ್ನು ತೋರಿಸುತ್ತದೆ. ಬಿಡಾರಕ್ಕಾಗಿ ಯಾವ ದಾರಿಯಿಂದ ಎಷ್ಟು ಅಡಿ ಒಳಗೆ ಗಾಡಿ ಒಯ್ಯಬಹುದೆಂಬ ವಿವರವೂ ಅದರಲ್ಲಿಯೇ ಉಂಟು. ಕಾಡುದಾರಿಯ ಕಂಬವೂ ಮಾತಾಡುತ್ತದೆ: ಸಂಖ್ಯೆಯನ್ನು ಅಡ್ಡಲಾಗಿ ಬರೆದಿದ್ದರೆ ಸಾಮಾನ್ಯ ಕಾರು ಹೋದೀತು, ಮೇಲಿನಿಂದ ಕೆಳಕ್ಕೆ ಬರೆದಿದ್ದರೆ ನೆಲದಿಂದ ಎತ್ತರವಿರುವ ಗಾಡಿಯೇ ಬೇಕು. ಇದನ್ನು ಅರಿಯದೆ ಮುನ್ನುಗ್ಗಿದರೆ ಕಲ್ಲುಹಾದಿಯಲ್ಲಿ ಗಾಡಿ ಸಿಕ್ಕಿಕೊಂಡೀತು.

ಆಮೇಲಿನ ಕೆಲಸ ಕಣ್ಣಿನದು. ಹೊತ್ತು ಮುಳುಗುವ ಮುನ್ನವೇ ತಲುಪಿ, ಹಿಂದಿನವರು ತಂಗಿ ಗಟ್ಟಿಯಾದ ನೆಲವನ್ನು ಆರಿಸಿಕೊಳ್ಳಬೇಕು. ಹೊಸ ಹುಲ್ಲನ್ನು ತುಳಿಯಬಾರದು. ಒಣಗಿದ ಹಳ್ಳದ ಮರಳು ಹಾಸಿಗೆಯಂತೆ ಕಂಡರೂ ಅಲ್ಲಿ ಮಲಗುವುದು ಅಪಾಯಕರ. ಎಲ್ಲಿಯೋ ದೂರದ ಬೆಟ್ಟದಲ್ಲಿ ಸುರಿದ ಮಳೆ ಕ್ಷಣಾರ್ಧದಲ್ಲಿ ಪ್ರವಾಹವಾಗಿ ಬಂದೀತು. ಕರಡಿಗಳಿರುವ ಕಾಡಿನಲ್ಲಿ ತಿಂಡಿಯನ್ನು ಡೇರೆಯೊಳಗೆ ಇಟ್ಟುಕೊಳ್ಳಬಾರದು.

ರಾಷ್ಟ್ರೀಯ ಉದ್ಯಾನಗಳೊಳಗೆ ದಾರಿಯ ಬದಿಯಲ್ಲಿ ಸಾಮಾನ್ಯವಾಗಿ ಹೀಗೆ ತಂಗುವಂತಿಲ್ಲ. ಆದರೆ ಅವುಗಳ ಗಡಿಯಾಚೆ ಅವಕಾಶವುಂಟು. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ದ್ವಾರದ ಹೊರಗೆ, ಟುಸಾಯನ್ ಊರಿನ ಸುತ್ತಣ ಕೈಬಾಬ್ ಅರಣ್ಯ ಇದಕ್ಕೆ ಒಳ್ಳೆಯ ಉದಾಹರಣೆ. ಮಕ್ಕಳನ್ನು ಕಾಣಲು ಕ್ಯಾಲಿಫೋರ್ನಿಯಕ್ಕೆ ಹೋದ ಕನ್ನಡದ ತಂದೆತಾಯಿಗಳು ಆ ಮಹಾಕಣಿವೆಯನ್ನು ನೋಡಲು ಹೊರಟರೆ, ಪೈನ್ ಮರಗಳ ನಡುವೆ ನಕ್ಷತ್ರಗಳ ಕೆಳಗೆ ಒಂದು ರಾತ್ರಿ ಕಳೆಯಬಹುದು. ಹೊರಡುವ ಮೊದಲು ಸ್ಥಳೀಯ ರೇಂಜರ್ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಬೇಸಗೆಯಲ್ಲಿ ಬೆಂಕಿ ಹಚ್ಚುವುದಕ್ಕೆ ನಿಷೇಧವಿರಬಹುದು.

ಬೆಲೆಯಿಲ್ಲದ್ದರ ಬೆಲೆ

ಬಾಡಿಗೆಯಿಲ್ಲವೆಂದ ಮಾತ್ರಕ್ಕೆ ಕಟ್ಟಳೆಯಿಲ್ಲವೆಂದಲ್ಲ. ಸಾಮಾನ್ಯವಾಗಿ ೧೪ ದಿನಗಳಾದ ಮೇಲೆ ಬಿಡಾರ ಕಿತ್ತು ಮುಂದೆ ಸಾಗಬೇಕು. ನೀರಿನ ನೆಲೆಯಿಂದ ೨೦೦ ಅಡಿ ದೂರವಿರಬೇಕು. ಮಲವನ್ನು ಆರೆಂಟು ಅಂಗುಲ ಆಳದ ಗುಂಡಿಯಲ್ಲಿ ಹೂಳಬೇಕು. ಕಸವನ್ನು ಕಟ್ಟಿಕೊಂಡು ಒಯ್ಯಬೇಕು. ಒಲೆಯ ಬೂದಿ ಕೈಗೆ ತಣ್ಣಗೆ ಹತ್ತುವವರೆಗೆ ನೀರು ಸುರಿಯಬೇಕು.

ಇವನ್ನು ಮರೆತರೆ ಏನಾಗುವುದೆಂಬುದಕ್ಕೆ ಯೂಟಾ ರಾಜ್ಯದ ಮೋಆಬ್ ಸಾಕ್ಷಿ. ಕೆಂಪು ಬಂಡೆಗಳ ಆ ಊರಿನ ಸುತ್ತ ಮೊದಲು ಎಲ್ಲೆಂದರಲ್ಲಿ ತಂಗಬಹುದಾಗಿತ್ತು. ಜನಸಂದಣಿ ಬೆಳೆಯಿತು, ಗಾಡಿಗಳ ಜಾಡು ನೆಲವನ್ನು ಸೀಳಿತು, ಹೊಲಸು ಹೆಚ್ಚಿತು. ಈಗ ಅಲ್ಲಿಯ ಅನೇಕ ಪ್ರದೇಶಗಳಲ್ಲಿ ಗುರುತು ಮಾಡಿದ ತಾಣಗಳಲ್ಲಿ ಮಾತ್ರ, ಹಲವೆಡೆ ಹಣ ತೆತ್ತು, ತಂಗಬೇಕು. ಇಂದು ಮೊಬೈಲು ಫೋನಿನ ಪರದೆಯೇ ಗುಟ್ಟಿನ ಜಾಗಗಳನ್ನೆಲ್ಲ ತೋರಿಸುವುದರಿಂದ, ಮೋಆಬಿನ ಗತಿ ಮತ್ತೆಷ್ಟು ಊರುಗಳಿಗೆ ಕಾದಿದೆಯೋ!

ಇದು ವಿಹಾರಿಗಳೊಬ್ಬರ ಪ್ರಶ್ನೆಯಲ್ಲ. ಮನೆ ಬಾಡಿಗೆ ಕೊಡಲಾರದೆ ವ್ಯಾನನ್ನೇ ಮನೆ ಮಾಡಿಕೊಂಡ ವೃದ್ಧರೂ ಅಲ್ಲಿದ್ದಾರೆ. ಜೆಸ್ಸಿಕಾ ಬ್ರೂಡರ್ ೨೦೧೭ರಲ್ಲಿ ಪ್ರಕಟಿಸಿದ ‘ನೊಮ್ಯಾಡ್‌ಲ್ಯಾಂಡ್’ ಅಂತಹವರ ಬಾಳನ್ನು ಬಣ್ಣಿಸುತ್ತದೆ. ಅದನ್ನು ಆಧರಿಸಿದ ಚಲನಚಿತ್ರ ೨೦೨೧ರಲ್ಲಿ ಆಸ್ಕರ್ ಪಡೆಯಿತು. ಖಾಯಂ ವಾಸಕ್ಕೆ ಈ ನೆಲದಲ್ಲಿ ಅನುಮತಿಯಿಲ್ಲ. ಆದ್ದರಿಂದ ಹದಿನೈದನೆಯ ಬೆಳಗ್ಗೆ ವಿಹಾರಿ ತನ್ನ ಮನೆಗೆ ಮರಳಿದರೆ, ಇವರು ಇನ್ನೊಂದು ಬಯಲನ್ನು ಹುಡುಕಿಕೊಂಡು ಹೊರಡುತ್ತಾರೆ. ಒಂದೊಂದು ದಾರಿಗೆ ಬೇಲಿ ಬಿದ್ದಾಗಲೂ ಇವರಿಗೆ ಒಂದೊಂದು ಬಾಗಿಲು ಮುಚ್ಚಿದಂತೆ.

೨೦೨೫ರ ಜೂನ್‌ನಲ್ಲಿ ಈ ಭೂಮಿಯ ಲಕ್ಷಾಂತರ ಎಕರೆಗಳನ್ನು ಮಾರುವ ಸಲಹೆ ಅಮೆರಿಕದ ಸೆನೆಟ್ಟಿನ ಮುಂದೆ ಬಂದಿತು. ಬೇಟೆಗಾರರು, ಮೀನು ಹಿಡಿಯುವವರು, ಚಾರಣಿಗರು ಪಕ್ಷಭೇದವೆಣಿಸದೆ ವಿರೋಧಿಸಿದರು. ಅದೇ ತಿಂಗಳಿನಲ್ಲಿ ಸಲಹೆಯನ್ನು ಹಿಂದಕ್ಕೆ ಪಡೆಯಲಾಯಿತು. ಮಾರುವವರ ಕೈಯಿಂದ ನೆಲವನ್ನು ಉಳಿಸಿಕೊಳ್ಳಲು ಜನರ ಕೂಗು ಸಾಕಾಯಿತು. ಬಳಸುವವರ ಕೈಯಿಂದ ಅದನ್ನು ಉಳಿಸುವುದು ಕೂಗಿನಿಂದ ಆಗುವ ಕೆಲಸವಲ್ಲ. ಬೆಳಗ್ಗೆ ಗಾಡಿ ಹೊರಡುವ ಮುನ್ನ ಹಿಂತಿರುಗಿ ನೋಡಿ, ಬಿದ್ದ ಕಾಗದದ ಚೂರನ್ನು ಹೆಕ್ಕಿಕೊಳ್ಳುವವನು ಮಾತ್ರ ಅದನ್ನು ಮಾಡಬಲ್ಲ.