ಬ್ಯಾಟರಿ ಆಸಿಡ್ ಅಳೆಯೋದು ಹೇಗೆ?

ಇನ್ವರ್ಟರ್ ಬ್ಯಾಟರಿಯ ಆಸಿಡ್ ಕರೆಂಟನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತೆ, ಅಂದ್ರೆ ಅದರ ವಾಹಕತೆ ಎಷ್ಟು? ಕೇಳಿದ ಕೂಡಲೇ ವಿದ್ಯಾರ್ಥಿಗಳ ಕೈ ಹೋಗೋದು ಮಲ್ಟಿಮೀಟರ್ ಕಡೆಗೆ. ತಡೀಬೇಡಿ. ಮೊದಲು ಉಪ್ಪುನೀರಲ್ಲಿ ಎರಡು ಕಡ್ಡಿ ಅದ್ದಿ ನೋಡಲಿ. ಓಮ್ ಅಂಕಿ ಒಂದು ಕಡೆ ನಿಲ್ಲೋದೇ ಇಲ್ಲ!

ಮೀಟರ್ ಕೆಟ್ಟಿಲ್ಲ. ಅದು ಕೊಡೋದು ಡಿಸಿ. ಧನ, ಋಣ ಅಯಾನುಗಳು ತಂತಮ್ಮ ದಿಕ್ಕಿಗೇ ಸರಿದು, ಎಲೆಕ್ಟ್ರೋಡ್ ಹತ್ತಿರ ಜಮಾಯಿಸಿ ಅಳತೆ ಕೆಡಿಸುತ್ವೆ. ಇದನ್ನು ಮಕ್ಕಳು ಕಣ್ಣಾರೆ ನೋಡಲೇಬೇಕು, ಸೂತ್ರ ಆಮೇಲೆ.

ಪರಿಹಾರ ಎಸಿ, ಸುಮಾರು 1000 ಹರ್ಟ್ಜ್. 19ನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಕೋಲ್‌ರಾಷ್ ಎಸಿ ಬಳಸಿ ದ್ರಾವಣಗಳ ವಾಹಕತೆ ಅಳೆದಿದ್ರು. ದಿಕ್ಕು ಬದಲಾಗ್ತಾನೇ ಇದ್ರೆ ಅಯಾನುಗಳಿಗೆ ಜಮಾಯಿಸೋಕೆ ಪುರುಸೊತ್ತೆಲ್ಲಿ?

ಮೊದಲು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಎಸಿ ಬಳಸೋ ವಾಹಕತೆ ಮೀಟರ್ ಸರಿಹೊಂದಿಸಿ: 25 ಡಿಗ್ರಿಯಲ್ಲಿ ಅದರ ವಾಹಕತೆ ಸೆಂಟಿಮೀಟರ್‌ಗೆ 1413 ಮೈಕ್ರೋಸೀಮೆನ್ಸ್. ಥರ್ಮಾಮೀಟರ್ ಬೇಕೇ ಬೇಕು, ಡಿಗ್ರಿಗೆ ಸುಮಾರು ಶೇ. 2 ವ್ಯತ್ಯಾಸ ಬರುತ್ತೆ.

ಈಗ ಕನ್ನಡಕ, ಗ್ಲೌಸ್ ಹಾಕಿ ಆಸಿಡ್‌ಗೆ ಬನ್ನಿ. ನೀರಿಗೆ ಆಸಿಡ್ ಸೇರಿಸಿ, ಆಸಿಡ್‌ಗೆ ನೀರು ಯಾವತ್ತೂ ಬೇಡ. ಸಲ್ಫ್ಯೂರಿಕ್ ಆಸಿಡ್ ಹೆಚ್ಚಿದಷ್ಟೂ ವಾಹಕತೆ ಹೆಚ್ಚುತ್ತಾ? ಇಲ್ಲ. ತೂಕದಲ್ಲಿ ಶೇ. 30ರ ಆಸುಪಾಸಿಗೆ ಗರಿಷ್ಠ, ಆಮೇಲೆ ಇಳಿಮುಖ. ದ್ರಾವಣ ಮಂದವಾಗುತ್ತೆ, ಅಯಾನುಗಳ ಓಡಾಟ ನಿಧಾನವಾಗುತ್ತೆ.