ಸಣ್ಣ ಎಂಜಿನ್ನಿನ ಹುಲ್ಲು ಕತ್ತರಿಸುವ ಯಂತ್ರಗಳ ದುರಸ್ತಿ

ಸಣ್ಣ ಎಂಜಿನ್ನಿನ ಹುಲ್ಲು ಕತ್ತರಿಸುವ ಯಂತ್ರಗಳ ದುರಸ್ತಿ ಎಂದರೆ ಪೆಟ್ರೋಲಿನಿಂದ ನಡೆಯುವ ಬ್ರಷ್ ಕಟ್ಟರ್, ಲಾನ್ ಮೋವರ್ ಮೊದಲಾದ ಯಂತ್ರಗಳ ದೋಷವನ್ನು ಗುರುತಿಸಿ ಸರಿಪಡಿಸುವ ಕೆಲಸ. ಈ ಎಂಜಿನ್ನುಗಳು ಸಾಮಾನ್ಯವಾಗಿ ಒಂದೇ ಸಿಲಿಂಡರ್ ಹೊಂದಿದ್ದು ಗಾಳಿಯಿಂದ ತಣಿಯುತ್ತವೆ ಮತ್ತು ಹಗ್ಗ ಎಳೆದು ಚಾಲನೆ ಮಾಡುವಂಥವು. ಸ್ಟಾರ್ಟ್ ಆಗದ ಯಂತ್ರದಲ್ಲಿ ಎಂಜಿನ್ನೇ ಹಾಳಾಗಿರುವುದಕ್ಕಿಂತ ಹಳೆಯ ಪೆಟ್ರೋಲ್, ಕಟ್ಟಿಕೊಂಡ ಫಿಲ್ಟರ್ ಅಥವಾ ಮಸಿ ಹಿಡಿದ ಪ್ಲಗ್ ಕಾರಣವಾಗಿರುವ ಸಂಭವ ಹೆಚ್ಚು. ಆದ್ದರಿಂದ ಈ ಕೆಲಸದಲ್ಲಿ ಬಿಚ್ಚುವ ಕೌಶಲಕ್ಕಿಂತ ಬಿಚ್ಚುವ ಮೊದಲು ಪರೀಕ್ಷಿಸುವ ಕ್ರಮ ಮುಖ್ಯವಾದುದು.

== ಹಿನ್ನೆಲೆ ==

ಹುಲ್ಲುಹಾಸು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದನು. ಅದು ಕೈಯಿಂದ ತಳ್ಳುವ ಯಂತ್ರವಾಗಿತ್ತು. ತಿರುಗುವ ನೈಲಾನ್ ದಾರದಿಂದ ಹುಲ್ಲು ಕತ್ತರಿಸುವ ಉಪಕರಣವನ್ನು ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲಾಸ್ 1971ರಲ್ಲಿ ರೂಪಿಸಿದನು. ಇಂದಿನ ಬ್ರಷ್ ಕಟ್ಟರಿಗೆ ದಾರವನ್ನೂ ಜೋಡಿಸಬಹುದು, ಉಕ್ಕಿನ ಅಲಗನ್ನೂ ಜೋಡಿಸಬಹುದು.

ಹೊಸಪೇಟೆಯ ಸುತ್ತಮುತ್ತ ಈ ಯಂತ್ರಗಳಿಗೆ ಎರಡು ಬಗೆಯ ಕೆಲಸವಿದೆ. ಮೊದಲನೆಯದು ಉದ್ಯಾನ ನಿರ್ವಹಣೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಕಮಲ ಮಹಲ್, ಆನೆಲಾಯಗಳ ಸುತ್ತಲೂ ಹುಲ್ಲುಹಾಸುಗಳಿವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ಸ್ಮಾರಕಗಳ ಉದ್ಯಾನಗಳಿಗೆಂದೇ ತೋಟಗಾರಿಕಾ ಶಾಖೆಯಿದೆ. ಎರಡನೆಯದು ಕೃಷಿ. ತುಂಗಭದ್ರಾ ನೀರಾವರಿಯ ಕಾಲುವೆ ಏರಿಗಳಲ್ಲಿ, ಕಮಲಾಪುರ–ಕಂಪ್ಲಿ ಕಡೆಯ ಬಾಳೆತೋಟ ಹಾಗೂ ಕಬ್ಬಿನ ಗದ್ದೆಗಳ ಬದುಗಳಲ್ಲಿ ನೀರಿದ್ದಷ್ಟು ಕಾಲವೂ ಕಳೆ ಬೆಳೆಯುತ್ತದೆ. ಬಾಡಿಗೆಗೆ ಕಳೆ ಕತ್ತರಿಸಿ ಬದುಕುವವನಿಗೆ ಯಂತ್ರ ನಿಂತ ದಿನ ಕೂಲಿಯೂ ಇಲ್ಲ. ಹಾಗಾಗಿ ತಪ್ಪು ರೋಗನಿರ್ಣಯದ ಬೆಲೆ ಬಿಡಿಭಾಗದ ಬೆಲೆಗಿಂತ ದೊಡ್ಡದಾಗುವುದುಂಟು.

== ಟು-ಸ್ಟ್ರೋಕ್ ಮತ್ತು ಫೋರ್-ಸ್ಟ್ರೋಕ್ ==

ಯಂತ್ರವನ್ನು ಮುಟ್ಟುವ ಮೊದಲು ಅದು ಯಾವ ಬಗೆಯದೆಂದು ತಿಳಿದಿರಬೇಕು. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಬೇರೆ ಆಯಿಲ್ ತೊಟ್ಟಿ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಬೇರಿಂಗ್, ಪಿಸ್ಟನ್ ಮತ್ತು ಸಿಲಿಂಡರುಗಳಿಗೆ ಜಿಡ್ಡು ಒದಗಿಸುತ್ತದೆ. ಪ್ರಮಾಣವನ್ನು ತಯಾರಕರೇ ಸೂಚಿಸುತ್ತಾರೆ: 50:1 ಎಂದಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 25:1 ಎಂದಿದ್ದರೆ 40 ಮಿಲಿಲೀಟರ್. ಫೋರ್-ಸ್ಟ್ರೋಕಿನಲ್ಲಿ ಬರಿಯ ಪೆಟ್ರೋಲ್ ಹಾಕಿ, ಆಯಿಲನ್ನು ಬೇರೆಯಾಗಿಯೇ ತುಂಬಲಾಗುತ್ತದೆ. ಬ್ರಷ್ ಕಟ್ಟರುಗಳಲ್ಲಿ ಬಳಕೆಯಾಗುವ ಹೋಂಡಾ ಜಿಎಕ್ಸ್35 ಎಂಬ 35.8 ಸಿಸಿ ಫೋರ್-ಸ್ಟ್ರೋಕ್ ಎಂಜಿನ್ನಿಗೆ ಹಿಡಿಯುವ ಆಯಿಲ್ ಸುಮಾರು 100 ಮಿಲಿಲೀಟರ್ ಮಾತ್ರ. ಇಷ್ಟು ಕಡಿಮೆ ಆಯಿಲ್ ಇರುವಲ್ಲಿ ಸ್ವಲ್ಪ ಸೋರಿಕೆಯೂ ಅಪಾಯಕಾರಿ.

ಒಂದೇ ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದು ಒಂದೇ ಕ್ಯಾನಿನಿಂದ ಪೆಟ್ರೋಲ್ ಹಾಕುವಲ್ಲಿ ಅನಾಹುತದ ಸಂಭವ ಹೆಚ್ಚು. ಫೋರ್-ಸ್ಟ್ರೋಕಿಗೆ ಆಯಿಲ್ ಬೆರೆತ ಪೆಟ್ರೋಲ್ ಬಿದ್ದರೆ ಹೊಗೆ ಬಂದೀತು, ಪ್ಲಗ್ ಮಸಿ ಹಿಡಿದೀತು, ತೊಳೆದರೆ ಸರಿಹೋಗುತ್ತದೆ. ಟು-ಸ್ಟ್ರೋಕಿಗೆ ಬರಿಯ ಪೆಟ್ರೋಲ್ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಮೆಕ್ಯಾನಿಕ್‌ಗಳು ಇದನ್ನೇ ಎಂಜಿನ್ 'ಸೀಜ್' ಆಯಿತು ಎನ್ನುವುದು.

== ದೋಷಪತ್ತೆಯ ಕ್ರಮ ==

ಪೆಟ್ರೋಲ್ ಎಂಜಿನ್ ನಡೆಯಲು ಸರಿಯಾದ ಇಂಧನ, ಸಕಾಲದ ಕಿಡಿ, ಶುದ್ಧ ಗಾಳಿ ಮತ್ತು ಸಿಲಿಂಡರಿನೊಳಗಿನ ಒತ್ತಡ ಬೇಕು. ಖರ್ಚಿಲ್ಲದ ಪರೀಕ್ಷೆಯಿಂದ ತೊಡಗಿ ಖರ್ಚಿನದಕ್ಕೆ ಹೋಗುವುದು ಒಳ್ಳೆಯ ಮೆಕ್ಯಾನಿಕ್‌ಗಳ ಪದ್ಧತಿ. ನಿಲುಗಡೆಯ ಸ್ವಿಚ್ ಚಾಲೂ ಸ್ಥಾನದಲ್ಲಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ; ಇದನ್ನು ಹೇಳುವುದು ಹಾಸ್ಯಾಸ್ಪದವೆನಿಸಿದರೂ ಬಿಡುವಂಥದಲ್ಲ.

=== ಇಂಧನ ===

ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಅಂಟು ಉಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುವ ಈ ಪ್ರದೇಶದಲ್ಲಿ, ತಗಡಿನ ಶೆಡ್ಡಿನೊಳಗೆ ಇಟ್ಟ ಯಂತ್ರಕ್ಕೆ ಈ ಗತಿ ಬೇಗನೆ ಬರುತ್ತದೆ. ಕಾರ್ಬ್ಯುರೇಟರಿನ ಕೂದಲೆಳೆಯಷ್ಟು ಸಣ್ಣ ರಂಧ್ರ ಮುಚ್ಚಲು ಆ ಅಂಟು ಸಾಕು.

ಇದಕ್ಕೆ ಈಚೆಗೆ ಎಥೆನಾಲ್ ಸೇರಿದೆ. ಭಾರತದಲ್ಲಿ ಪೆಟ್ರೋಲಿಗೆ ಸರಾಸರಿ ಶೇ. 10 ಎಥೆನಾಲ್ ಬೆರೆಸುವ ಗುರಿ 2022ರ ಜೂನಿನಲ್ಲಿ ಮುಟ್ಟಿತು. 2025ರಲ್ಲಿ ಅದು ಶೇ. 20ಕ್ಕೆ ಏರಿತು. ಸಣ್ಣ ಎಂಜಿನ್ನುಗಳ ಅನೇಕ ಕೈಪಿಡಿಗಳು ಶೇ. 10ರವರೆಗಿನ ಎಥೆನಾಲನ್ನಷ್ಟೇ ಒಪ್ಪುತ್ತವೆ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನೂ ಕಾರ್ಬ್ಯುರೇಟರಿನ ಪೊರೆಯನ್ನೂ ಗಡಸುಗೊಳಿಸಬಹುದು ಅಥವಾ ಉಬ್ಬಿಸಬಹುದು. ನೀರು ಮಿತಿ ಮೀರಿದಾಗ ನೀರು ಮತ್ತು ಎಥೆನಾಲಿನ ಭಾರವಾದ ಪದರ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟು-ಸ್ಟ್ರೋಕಿನಲ್ಲಿ ಇದರ ಪರಿಣಾಮ ವಿಶೇಷವಾಗಿ ಕೆಟ್ಟದ್ದು: ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲಿಯೇ ಉಳಿಯುತ್ತದೆ, ಇಂಧನ ಹೀರುವ ಕೊಳವೆಯ ತುದಿ ತಳದಲ್ಲಿರುತ್ತದೆ. ಅಂದರೆ ಸರಿಯಾಗಿ ಆಯಿಲ್ ಬೆರೆಸಿದವನ ಎಂಜಿನ್ನೂ ಆಯಿಲ್ ಇಲ್ಲದೆ ಓಡಬಹುದು. ಸಂದೇಹವಿದ್ದಾಗ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಸುರಿದು ಸ್ವಲ್ಪ ಹೊತ್ತು ಇಟ್ಟರೆ ಪದರ ಕಣ್ಣಿಗೆ ಕಾಣುತ್ತದೆ.

ಸ್ಟಾರ್ಟ್ ಆಗಿ ಕೆಲವು ನಿಮಿಷಗಳ ನಂತರ ನಿಲ್ಲುವ, ತುಸು ಬಿಟ್ಟು ಮತ್ತೆ ಹೊರಡುವ ಎಂಜಿನ್ನಿನಲ್ಲಿ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿರಬಹುದು. ಎಂಜಿನ್ ನಿಲ್ಲುವ ಹೊತ್ತಿಗೆ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದಾಗ ಅದು ಚೇತರಿಸಿಕೊಂಡರೆ ಕಾರಣ ಅದೇ.

=== ಕಿಡಿ ===

ಪ್ಲಗ್ಗನ್ನು ಬಿಚ್ಚಿ ನೋಡಿದರೆ ಎಂಜಿನ್ನಿನ ಒಳಗಿನ ಸ್ಥಿತಿ ತಿಳಿಯುತ್ತದೆ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿಯಿದ್ದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಹಲವು ಬಾರಿ ಹಗ್ಗ ಎಳೆದ ಮೇಲೂ ಒಣಗಿಯೇ ಇದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಈ ಕೊನೆಯದನ್ನು ಕಡೆಗಣಿಸಬಾರದು.

ಪ್ಲಗ್ಗನ್ನು ಕ್ಯಾಪಿಗೆ ಸೇರಿಸಿ, ಅದರ ಲೋಹವನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಹಾರಬೇಕು. ಪ್ಲಗ್ ರಂಧ್ರದ ಬಳಿ ಈ ಪರೀಕ್ಷೆ ಮಾಡಕೂಡದು, ಹೊರಬರುವ ಪೆಟ್ರೋಲ್ ಆವಿಗೆ ಬೆಂಕಿ ತಗಲುತ್ತದೆ. ಕಿಡಿ ಇಲ್ಲವಾದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಬೇಕು (ವಿದ್ಯುದಗ್ರಗಳ ಅಂತರ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್), ಅನಂತರ ನಿಲುಗಡೆ ಸ್ವಿಚ್ಚಿನ ತಂತಿಯನ್ನು ಬೇರ್ಪಡಿಸಿ ಪರೀಕ್ಷಿಸಬೇಕು. ಆಗ ಕಿಡಿ ಬಂದರೆ ದೋಷ ಸ್ವಿಚ್ಚಿನದು ಅಥವಾ ತಂತಿಯದು. ಇಗ್ನಿಷನ್ ಕಾಯಿಲ್ ಬದಲಿಸುವ ಮಾತು ಇವೆಲ್ಲ ಮುಗಿದ ಮೇಲೆ.

=== ಗಾಳಿ ಮತ್ತು ಧೂಳು ===

ಸಂಡೂರಿನ ಬೆಟ್ಟಗಳು ಹೆಮಟೈಟ್ ಎಂಬ ಕಬ್ಬಿಣದ ಅದಿರಿಗೆ ಹೆಸರಾದವು. ಗಣಿ ಮತ್ತು ಅದಿರು ಸಾಗಿಸುವ ರಸ್ತೆಗಳ ಇಕ್ಕೆಲದ ಗಿಡಗಳ ಮೇಲೂ ಕೆಂಪು ಧೂಳು ಕೂತಿರುತ್ತದೆ. ಅಲಗು ತಿರುಗಿದಾಗ ಅದೇ ಧೂಳು ಎದ್ದು ಫಿಲ್ಟರಿಗೆ ಬರುತ್ತದೆ. ಈ ಧೂಳೂ ಗ್ರಾನೈಟಿನ ಮರಳೂ ಅಲ್ಯೂಮಿನಿಯಮ್ಮಿಗಿಂತ ಬಹಳ ಗಡಸು. ಟು-ಸ್ಟ್ರೋಕಿನಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಕೋಣೆಯನ್ನು ಹೊಕ್ಕು ಆಮೇಲೆ ಸಿಲಿಂಡರಿಗೆ ಹೋಗುವುದರಿಂದ ಪಿಸ್ಟನ್ನಿನ ಜೊತೆಗೆ ಬೇರಿಂಗುಗಳೂ ಸವೆಯುತ್ತವೆ.

ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ್ದರೆ ಕೆಲವು ಹನಿ ಆಯಿಲ್ ಹಾಕಿ ಹಿಂಡಿ ಜೋಡಿಸಬೇಕು. ಕಾಗದದ ಫಿಲ್ಟರನ್ನು ತೊಳೆಯಬಾರದು. ಇಂಥ ಧೂಳಿನ ಕಡೆ ಪ್ರತಿದಿನವೂ ಫಿಲ್ಟರ್ ನೋಡುವುದು ಅತಿ ಎಚ್ಚರಿಕೆಯೇನಲ್ಲ. ಫಿಲ್ಟರ್ ಕಟ್ಟಿದೆಯೆಂದು ಅದನ್ನು ತೆಗೆದಿಟ್ಟು ಕೆಲಸ ಮುಂದುವರಿಸುವುದುಂಟು. ಎಂಜಿನ್ ಆಗ ಚುರುಕಾಗಿ ಓಡುತ್ತದೆ, ಅದರ ಆಯುಷ್ಯವೂ ಅಷ್ಟೇ ಚುರುಕಾಗಿ ಮುಗಿಯುತ್ತದೆ.

=== ಒತ್ತಡ ===

ಸ್ಟಾರ್ಟರ್ ಹಗ್ಗದ ಹಿಡಿಯಿಂದ ಯಂತ್ರವನ್ನು ಎತ್ತಿ ಹಿಡಿದಾಗ ಅದು ತಡೆಯಿಲ್ಲದೆ ಜಾರಿ ಕೆಳಗಿಳಿದರೆ ಒತ್ತಡ ಕಡಿಮೆಯಾಗಿದೆ ಎಂದು ಊಹಿಸಬಹುದು. ನಿಖರವಾಗಿ ತಿಳಿಯಲು ಪ್ಲಗ್ ರಂಧ್ರಕ್ಕೆ ಜೋಡಿಸುವ ಒತ್ತಡಮಾಪಕ ಬೇಕು.

ಟು-ಸ್ಟ್ರೋಕಿನಲ್ಲಿ ಇನ್ನೂ ಒಳ್ಳೆಯ ಉಪಾಯವಿದೆ. ಸೈಲೆನ್ಸರನ್ನು ಬಿಚ್ಚಿದರೆ ಹೊಗೆಯ ಕಿಂಡಿಯಿಂದ ಪಿಸ್ಟನ್ ಕಾಣುತ್ತದೆ. ಹೊಗೆ ಹೊರಡುವ ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಗೀರುಗಳಿದ್ದರೆ ಆಯಿಲ್ ಸಾಲದೆ ಅಥವಾ ಇಂಧನಕ್ಕಿಂತ ಗಾಳಿ ಹೆಚ್ಚಾಗಿ ಎಂಜಿನ್ ಕಾದಿದೆ. ಕಾರ್ಬ್ಯುರೇಟರನ್ನೂ ಬಿಚ್ಚಿ ನೋಡಿದಾಗ ಗಾಳಿ ಒಳಬರುವ ಬದಿ ಮಾಸಲಾಗಿ ಸವೆದಿದ್ದರೆ ಧೂಳು ಹೋಗಿದೆ. ಪಿಸ್ಟನ್ ಬದಲಿಸುವ ಮುನ್ನ ಈ ವ್ಯತ್ಯಾಸ ತಿಳಿಯಬೇಕು. ಕ್ರ್ಯಾಂಕಿನ ಆಯಿಲ್ ಸೀಲು ಅಥವಾ ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ಟಿನಿಂದ ಗಾಳಿ ಸೋರುತ್ತಿದ್ದು ಅದನ್ನು ಹಾಗೆಯೇ ಬಿಟ್ಟರೆ ಹೊಸ ಪಿಸ್ಟನ್ನೂ ಹಳೆಯದರ ಹಾದಿ ಹಿಡಿಯುತ್ತದೆ.

== ಅಲಗು ಮತ್ತು ಕ್ಲಚ್ಚಿನ ದೋಷಗಳು ==

ಎಕ್ಸಿಲರೇಟರ್ ಬಿಟ್ಟ ಮೇಲೂ ಬ್ರಷ್ ಕಟ್ಟರಿನ ಅಲಗು ತಿರುಗುತ್ತಿದ್ದರೆ ಎಂಜಿನ್ನಿನ ಕನಿಷ್ಠ ವೇಗ ಹೆಚ್ಚಾಗಿದೆ ಅಥವಾ ಕ್ಲಚ್ಚಿನ ಸ್ಪ್ರಿಂಗ್ ಮುರಿದಿದೆ. ಅದನ್ನು ಸರಿಪಡಿಸುವವರೆಗೆ ಯಂತ್ರವನ್ನು ಬಳಸಬಾರದು.

ಹಂಪಿಯ ಬಂಡೆಗಳ ನಾಡಿನಲ್ಲಿ ಹುಲ್ಲಿನೊಳಗೆ ಕಲ್ಲು ಅಡಗಿರುವುದು ಸಾಮಾನ್ಯ. ಲಾನ್ ಮೋವರಿನ ಅಲಗು ಕಲ್ಲಿಗೆ ಹೊಡೆದಾಗ ಫ್ಲೈವೀಲಿನ ಮೆದು ಲೋಹದ ಚಾವಿ ಕತ್ತರಿಸಿಹೋಗಬಹುದು. ಆಗ ಕಿಡಿ ಬರುತ್ತದೆ, ಪೆಟ್ರೋಲ್ ಬರುತ್ತದೆ, ಒತ್ತಡವೂ ಇರುತ್ತದೆ. ಆದರೂ ಎಂಜಿನ್ ಹೊರಡುವುದಿಲ್ಲ, ಅಥವಾ ಹಗ್ಗವನ್ನು ಕೈಯಿಂದ ಕಿತ್ತುಕೊಳ್ಳುವಂತೆ ಹಿಂದಕ್ಕೆ ಎಳೆಯುತ್ತದೆ. ಕಿಡಿಯ ಕಾಲ ತಪ್ಪಿರುವುದೇ ಇದಕ್ಕೆ ಕಾರಣ. ಚಾವಿ ಅಗ್ಗದ ವಸ್ತು. ಇದನ್ನು ಅರಿಯದೆ ಕಾರ್ಬ್ಯುರೇಟರ್, ಕಾಯಿಲ್ ಎಂದು ಒಂದೊಂದಾಗಿ ಬದಲಿಸುತ್ತ ಹೋದರೆ ಹೊಸ ಯಂತ್ರದ ಅರ್ಧ ಬೆಲೆ ಕೈಬಿಡುತ್ತದೆ.

== ಸುರಕ್ಷತೆ ಮತ್ತು ಸಂಗ್ರಹಣೆ ==

ಅಲಗಿನ ಹತ್ತಿರ ಕೈ ಹಾಕುವ ಮೊದಲು ಪ್ಲಗ್ಗಿನ ಕ್ಯಾಪನ್ನು ಕೀಳಬೇಕು. ಕಾದ ಎಂಜಿನ್ನಿಗೆ ಪೆಟ್ರೋಲ್ ತುಂಬಬಾರದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಇಂಗಾಲದ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೆ ಅಪಾಯವಾಗುತ್ತದೆ, ಅದಕ್ಕೆ ವಾಸನೆಯಿಲ್ಲ. ಅಲಗಿಗೆ ತಾಗಿ ಚಿಮ್ಮುವ ಕಲ್ಲಿನಿಂದ ಕಣ್ಣು ಹೋಗಬಹುದಾದ್ದರಿಂದ ದುರಸ್ತಿಯ ನಂತರದ ಪರೀಕ್ಷೆಯಲ್ಲೂ ಕನ್ನಡಕ ಮತ್ತು ಅಲಗಿನ ಕವಚ ಇರಲೇಬೇಕು.

ಯಂತ್ರವನ್ನು ಒಂದೆರಡು ತಿಂಗಳಿಗಿಂತ ಹೆಚ್ಚು ಕಾಲ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನು ಬರಿದು ಮಾಡಲಾಗುತ್ತದೆ. ಅನಂತರ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಕೆಲವು ಹನಿ ಆಯಿಲ್ ಬಿಟ್ಟು, ಹಗ್ಗವನ್ನು ನಿಧಾನವಾಗಿ ಎರಡು ಬಾರಿ ಎಳೆದು ಪ್ಲಗ್ಗನ್ನು ಮತ್ತೆ ಹಾಕಬೇಕು. ಟು-ಸ್ಟ್ರೋಕಿನ ಮಿಶ್ರಣವನ್ನು ಆಯಾ ವಾರಕ್ಕೆ ಬೇಕಾದಷ್ಟೇ ಸಿದ್ಧಪಡಿಸಿ, ಕ್ಯಾನಿನ ಮೇಲೆ ಪ್ರಮಾಣವನ್ನೂ ಬೆರೆಸಿದ ದಿನಾಂಕವನ್ನೂ ಬರೆದಿಡುವುದು ಕ್ರಮ.